ಮುಟ್ಟೈತಿ ಅನ್ನೋ ಒಂದು ಮಾತು

ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಂಡಕ್ಕಿಗೆ, ಮಿರ್ಚಿಗೆ ಇಂಥದೇ ಹೊತ್ತು ಅಂತ ಇಲ್ಲ. ಬೆಳಗಿನ ಮೊದಲ ಬಸ್ಸು ಬಂದು ನಿಲ್ಲುವಾಗಲೂ ಬಾಣಲೆಯಲ್ಲಿ ಎಣ್ಣೆ ಕಾದಿರುತ್ತದೆ, ಕೊನೆಯ ಬಸ್ಸು ಹೊರಡುವಾಗಲೂ ಕಾದಿರುತ್ತದೆ. ಹಡಗಲಿ ಡಿಪೋಕ್ಕೆ ವರ್ಗ ಮಾಡಿಸಿಕೊಂಡು ಹೋದ ಮೇಲೆ ಈ ರೂಟು ನನಗೆ ಬಿದ್ದಿರಲಿಲ್ಲ. ಹೋದ ವಾರ ಯಾರೋ ರಜೆ ಹಾಕಿದರು ಅಂತ ಬಿತ್ತು. ಹರಪನಹಳ್ಳಿಯಿಂದ ಬಂದ ಬಸ್ಸು ಕೊಟ್ಟೂರಿನಲ್ಲಿ ನಿಂತಾಗ ನಮ್ಮ ಡ್ರೈವರ್ ಕಾಕಾ ಇಳಿದು ಹೋಗಿ, ಎಣ್ಣೆ ಇಳಿಯುವ ಪೊಟ್ಟಣವೊಂದನ್ನು ತಂದು ನನ್ನ ಸೀಟಿನ ಮೇಲೆ ಇಟ್ಟರು. "ತಗೋ ರೇಣಕ್ಕ, ಬಿಸಿ ಐತಿ" ಅಂದರು. ಅರಿಶಿನ, ಹಸಿಮೆಣಸಿನಕಾಯಿ, ಕರಿಬೇವು, ಕರಿದ ಕಡಲೆಹಿಟ್ಟು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಟಿಕೆಟ್ ಕೇಳುತ್ತಿದ್ದ ಮುದುಕಿಗೆ ಹರಪನಹಳ್ಳಿ ದಿಕ್ಕಿನ ಟಿಕೆಟ್ಟು ಹರಿದುಕೊಟ್ಟೆ, ಆಕೆ ಹೊರಟಿದ್ದು ಕೂಡ್ಲಿಗಿಗೆ. ಬಾಯಿ ತುಂಬ ಬೈಸಿಕೊಂಡೆ. ಬೈಸಿಕೊಳ್ಳುವುದರಲ್ಲೂ ಒಂದು ಸಮಾಧಾನವಿತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಒಂದು ನೆಪ ಸಿಕ್ಕಿತು.

ನನ್ನ ಗಂಡ ಕೊಟ್ರೇಶ ಅವರಿಗೆ ಈ ಒಗ್ಗರಣೆ ಮಿರ್ಚಿ ಎಂದರೆ ಪ್ರಾಣ. ಅವರು ಹಗರಿಬೊಮ್ಮನಹಳ್ಳಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಸಂಬಳಕ್ಕಿದ್ದರು. ನಾನು ಅಲ್ಲಿನ ಡಿಪೋದಲ್ಲೇ ಕಂಡಕ್ಟರ್. ನನ್ನ ಬಸ್ಸು ಕೊಟ್ಟೂರಿನಿಂದ ವಾಪಸ್ಸು ಬರುವ ಹೊತ್ತಿಗೆ ಸರಿಯಾಗಿ ಅವರು ಹಗರಿಬೊಮ್ಮನಹಳ್ಳಿ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. ನೋಡಿದವರು ಹೆಂಡತಿಗಾಗಿ ಕಾಯುತ್ತಾನೆ, ಎಂಥ ಪುಣ್ಯವಂತೆ ಅಂದುಕೊಳ್ಳುತ್ತಿದ್ದರು. ಅವರು ಕಾಯುತ್ತಿದ್ದದ್ದು ನನ್ನ ಬ್ಯಾಗಿನಲ್ಲಿದ್ದ ಪೊಟ್ಟಣಕ್ಕೆ.

ಕ್ರೆಡಿಟ್ ಕಾರ್ಡು ಗಂಟು ಬಿದ್ದದ್ದು ಆ ಶೋರೂಮಿನಲ್ಲೇ. ಟೈ ಕಟ್ಟಿಕೊಂಡ ಹುಡುಗನೊಬ್ಬ ಬಂದು ಎಲ್ಲರ ಹತ್ತಿರ ಸಹಿ ಹಾಕಿಸಿಕೊಂಡು ಹೋಗಿದ್ದ. ಬಹಳ ದಿನ ಅದು ಪರ್ಸಿನಲ್ಲಿ ದೇವರ ಫೋಟೋದ ಹಿಂದೆ ಸುಮ್ಮನೆ ಮಲಗಿತ್ತು. ಆ ವರ್ಷ ಬೇಸಿಗೆಯಲ್ಲಿ ಅವರಿಗೆ ಹೊಟ್ಟೆನೋವು ಶುರುವಾಗಿ, ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ ಮೇಲೆ ಅದು ಎದ್ದು ಕೂತಿತು. ಕೆಳಗೆ ಕಟ್ಟಿ ಬನ್ನಿ ಅಂತ ನರ್ಸಮ್ಮ ಚೀಟಿ ಕೊಟ್ಟಾಗಲೆಲ್ಲ ನನ್ನ ಮೈದುನ ಹಾಲೇಶ ಕಾರ್ಡು ಹಿಡಿದುಕೊಂಡು ಓಡುತ್ತಿದ್ದ. ಇವರು ಮಂಚದ ಮೇಲೆ ಮಲಗಿಯೇ ತಮಾಷೆ ಮಾಡುತ್ತಿದ್ದರು. "ಎಷ್ಟ್ ಉಜ್ಜತೀರಲೇ, ಸವದು ಹೋಗತೈತಿ ಅದು." ನನ್ನ ಮುಖ ಸಣ್ಣಗಾದರೆ, "ಹುಚ್ಚಿ, ನಾನೇ ತೀರಸ್ತೀನಿ ಬಿಡು, ಎದ್ದು ಬರ್ಲಿ ತಡಿ" ಅನ್ನುತ್ತಿದ್ದರು. ಎದ್ದು ಬರಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ದಿನ ಆಂಬುಲೆನ್ಸಿನಲ್ಲಿ ತಂಬ್ರಹಳ್ಳಿಗೆ, ಅವರ ಅವ್ವನ ಮನೆಗೆ ಕರೆದುಕೊಂಡು ಬಂದೆವು. ಎಲ್ಲರೂ ಮಳೆ ಬಂತು ಅಂತ ಖುಷಿಯಲ್ಲಿದ್ದರು. ಆ ಖುಷಿಯ ನಡುವೆ ನಮ್ಮ ಗಾಡಿ ಊರೊಳಗೆ ಬಂತು.

ನಮ್ಮ ಅತ್ತೆ ದುರುಗವ್ವ ಕುರಿ ಕಾಯ್ದು ಇಬ್ಬರು ಗಂಡುಮಕ್ಕಳನ್ನು ಓದಿಸಿದಾಕೆ. ಗಂಡ ಬೇಗ ತೀರಿಕೊಂಡಿದ್ದ. ಮೈಲಾರಲಿಂಗನ ಒಕ್ಕಲು, ಹಣೆ ತುಂಬ ಭಂಡಾರದ ಅರಿಶಿನ, ಮಾತು ಕಡಿಮೆ. ಆ ಮನೆತನದಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ತೀರಿಕೊಂಡರೆ, ದಿನದ ಕಾರ್ಯಕ್ಕೆ ಸೇರಿದ ಜನ ಊಟಕ್ಕೆ ಕೂರುವ ಮೊದಲು ಮನೆಯ ಹಿರಿಯರು ಭಂಡಾರದ ತಟ್ಟೆ ಹಿಡಿದು ನಿಲ್ಲುತ್ತಾರೆ. ಸತ್ತವರು ಯಾರಿಗಾದರೂ ಏನಾದರೂ ಕೊಡುವುದಿದ್ದರೆ ಹೇಳಿ ಅಂತ ಕೇಳುತ್ತಾರೆ. ಕೊಡಬೇಕಾದ್ದನ್ನು ಕೊಡುತ್ತಾರೆ. ತೆಗೆದುಕೊಂಡವರು ಭಂಡಾರ ಮುಟ್ಟಿ, ಎಲ್ಲರಿಗೂ ಕೇಳುವಂತೆ "ಮುಟ್ಟೈತಿ" ಅನ್ನಬೇಕು, ಬರಬೇಕಾದ್ದು ಬಂತು ಅಂತ. ಸಾಲ ಹರಿಯುವುದು ಆ ಮಾತಿನಿಂದ, ದುಡ್ಡಿನಿಂದಲ್ಲ. ಆ ಮಾತು ಬೀಳದಿದ್ದರೆ ಸತ್ತವರು ಹಿರಿಯರ ಸಾಲಿಗೆ ಸೇರುವುದಿಲ್ಲ, ಹಿರಿಯರ ಅಮಾವಾಸ್ಯೆಗೆ ಅವರ ಹೆಸರಿನಲ್ಲಿ ಎಡೆ ಇಡುವಂತಿಲ್ಲ.

ಅವತ್ತು ಅತ್ತೆ ತಟ್ಟೆ ಹಿಡಿದು ನಿಂತಳು. ಸೆರಗು ತಲೆ ಮೇಲೆ, ಕಣ್ಣು ಒಣ. "ನನ್ನ ಮಗ ಕೊಟ್ರೇಶ ಯಾರ ಋಣದಾಗ ಅದಾನ, ಬಾಯಿಬಿಟ್ಟು ಹೇಳ್ರೆಪ್ಪ. ಅವನ ಋಣ ಈ ಮನಿ ಮ್ಯಾಲ ಐತಿ" ಅಂದಳು. ಪಂಕ್ಚರ್ ಅಂಗಡಿಯವನು ಬಂದ, ಕುರಿ ಔಷಧಿ ಅಂಗಡಿಯವರು ಬಂದರು. ಕೊಟ್ಟದ್ದನ್ನು ತೆಗೆದುಕೊಂಡು, ತಟ್ಟೆ ಮುಟ್ಟಿ "ಮುಟ್ಟೈತಿ" ಅಂದರು. ಚಹಾದಂಗಡಿಯ ಸಾಬಮ್ಮ ಮಾತ್ರ ತಟ್ಟೆಯ ಮುಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. "ನಂದೇನಿಲ್ಲ ಯವ್ವಾ. ಅವರಿಗೇ ನಾನು ಕೊಡೋದೈತಿ, ಮಗಳ ಫೀಸಿಗೆ ಇಸ್ಕೊಂಡಿದ್ದೆ" ಅಂತ ಅತ್ತುಬಿಟ್ಟಳು. ಎಲ್ಲ ಮುಗಿಯಿತು ಅಂದುಕೊಂಡು ಎಲೆ ಹಾಕುವಷ್ಟರಲ್ಲಿ ಒಳಗೆ ಗೂಡಿನಲ್ಲಿಟ್ಟಿದ್ದ ಅವರ ಫೋನು ಹೊಡೆದುಕೊಂಡಿತು.

"ನಮಸ್ಕಾರ, ಕೊಟ್ರೇಶ್ ಅವರು ಮಾತಾಡ್ತಿದ್ದಾರಾ?" ಕಾರ್ಡಿನ ಕಂಪನಿಯಿಂದ ಒಂದು ಹುಡುಗಿ. ಸಕ್ಕರೆಯಂಥ ದನಿ.

"ಅವರು ತೀರಿಕೊಂಡಾರವ್ವ" ಅಂದೆ.

"ಓಕೆ ಮೇಡಂ. ಯಾವ ಟೈಮಿಗೆ ಸಿಗ್ತಾರೆ ಅವರು?"

ಬಸ್ಸಿನಲ್ಲಿ ಚಿಲ್ಲರೆಗಾಗಿ ಎಂಥೆಂಥವರ ಬಾಯಿ ಮುಚ್ಚಿಸಿದ ನಾನು ಅವತ್ತು ಫೋನು ಕಟ್ ಮಾಡಿ ಗೂಡಿನಲ್ಲಿಟ್ಟು ಬಂದೆ.

ಆಮೇಲೆ ಆ ಮಳೆಗಾಲವೆಲ್ಲ ಅದೇ ಆಯಿತು. ನಾನು ತಂಬ್ರಹಳ್ಳಿಯಲ್ಲೇ ಅತ್ತೆಯ ಜೊತೆ ಉಳಿದೆ, ಅಲ್ಲಿಂದಲೇ ಡ್ಯೂಟಿಗೆ ಹೋಗುತ್ತಿದ್ದೆ. ಅವರ ಫೋನು ಟಿಕೆಟ್ ಮಷಿನ್ನಿನ ಜೊತೆ ನನ್ನ ಬ್ಯಾಗಿನಲ್ಲೇ ಇರುತ್ತಿತ್ತು. ಉಚ್ಚಂಗಿದುರ್ಗಕ್ಕೆ ಹುಣ್ಣಿಮೆಯ ಜನ ಬಾಗಿಲಿಗೆ ಜೋತುಬಿದ್ದಿರುವಾಗ ರಿಂಗ್ ಆಗುವುದು. ಹಲವಾಗಲು ಹತ್ತಿರ ಹೊಳೆ ಕೆಂಪಗೆ ಉಕ್ಕಿ ಬಸ್ಸು ನಿಂತಿರುವಾಗ ಆಗುವುದು. ಒಮ್ಮೆ ಹಿಂದಿ, ಒಮ್ಮೆ ಇಂಗ್ಲಿಷು, ಒಮ್ಮೆ ಬೆಂಗಳೂರು ಕನ್ನಡ. ಸತ್ತಿದ್ದಾರೆ ಅಂತ ಎಲ್ಲರಿಗೂ ಹೇಳಿದೆ. ಮರುದಿನ ಬೇರೆಯವರು ಫೋನು ಮಾಡಿ ಮತ್ತೆ ಅವರನ್ನೇ ಕೇಳುತ್ತಿದ್ದರು. ನನ್ನ ಗಂಡ ಸತ್ತ ಸುದ್ದಿಯನ್ನು ನಾನು ಊರಿಗೆ ಒಂದೇ ಸಲ ಹೇಳಿದ್ದೆ. ಆ ಕಂಪನಿಗೆ ಮಳೆಗಾಲಪೂರ್ತಿ ಹೇಳಿದೆ.

ಡಿಪೋದ ಯೂನಿಯನ್ ಮುಖಂಡರೊಬ್ಬರು ನನ್ನ ಪಾಡು ನೋಡಿ, "ತಂಗಿ, ಸತ್ತವರ ಕಾರ್ಡಿನ ಬಾಕಿ ನಿನ್ನ ಮ್ಯಾಲ ಬರಂಗಿಲ್ಲ. ಸಹಿ ನಿಂದಲ್ಲ. ನಂಬರ್ ಬಂದ್ ಮಾಡಿ ಒಗಿ" ಅಂದರು. ನನಗೆ ಉಸಿರು ಬಂದಂತಾಯಿತು. ಅವತ್ತೇ ಸಂಜೆ ಅತ್ತೆಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಿದಳು.

"ಕೊಡಬ್ಯಾಡಂತ ಅಂದ್ರಾ?"

"ಹೂಂ ಅತ್ತಿ. ಕಾಯ್ದೆ ಹಂಗ ಐತಂತ."

"ಕಾಯ್ದೆ ಬಂದು ಎಡಿ ಉಣ್ಣತೈತೇನವ್ವ?" ಅಂದಳು. ಆಕೆಯ ದನಿ ಏರಲಿಲ್ಲ, ಅದೇ ನನಗೆ ಭಯ. "ಮಂದಿ ಮುಂದ ನಿಂತು ಅಂದೀನಿ, ಅವನ ಋಣ ಈ ಮನಿ ಮ್ಯಾಲ ಐತಿ ಅಂತ. ಅವರು ಮುಟ್ಟೈತಿ ಅನ್ನೋಮಟ ನನ್ನ ಮಗ ಬಾಗಲಾಗ ನಿಂತಂಗ. ಒಳಗ ಹಿರೇರು ಕುಂತು ಉಂತಾರ, ನನ್ನ ಕೂಸು ಹೊರಗ ನಿಂದರಬೇಕಾ? ಮಳಿ ಬರಾಕತ್ತೈತಿ ನೋಡು."

ಹೊರಗೆ ನಿಜವಾಗಿಯೂ ಮಳೆ ಸುರಿಯುತ್ತಿತ್ತು.

ಹಾಗೆ ಕಟ್ಟಲು ಶುರು ಮಾಡಿದೆವು. ನನ್ನ ಸಂಬಳದಲ್ಲಿ ಒಂದಿಷ್ಟು, ಹಾಲೇಶ ಹರಪನಹಳ್ಳಿಯ ಮೊಬೈಲ್ ಅಂಗಡಿಯಲ್ಲಿ ದುಡಿದದ್ದರಲ್ಲಿ ಒಂದಿಷ್ಟು. ಆ ಕಂಪನಿಗೆ ದುಡ್ಡು ತೆಗೆದುಕೊಳ್ಳಲು ಮಾತ್ರ ಕಾರ್ಡುದಾರ ಬೇಕಿರಲಿಲ್ಲ. ಲಿಂಕು ಕಳಿಸುತ್ತಿದ್ದರು, ಒತ್ತಿದರೆ ದುಡ್ಡು ಹೋಗುತ್ತಿತ್ತು. ಆದರೆ ಕಟ್ಟಿದಷ್ಟೂ ಬಡ್ಡಿ ನುಂಗುತ್ತಿತ್ತು, ಅಸಲು ಹಾಗೇ ಕೂತಿರುತ್ತಿತ್ತು. ಒಟ್ಟು ಎಷ್ಟು ಕೊಟ್ಟರೆ ತೀರುತ್ತದೆ, ಒಂದೇ ಸಲ ಕಟ್ಟಿಬಿಡುತ್ತೇವೆ ಹೇಳಿ ಅಂದರೆ, ಅದನ್ನು ಕಾರ್ಡುದಾರರಿಗೆ ಮಾತ್ರ ಹೇಳುತ್ತೇವೆ ಅನ್ನುತ್ತಿದ್ದರು. "ಅವರ ಕೈಗೆ ಫೋನ್ ಕೊಡಿ ಮೇಡಂ." ಮರಣ ಪ್ರಮಾಣಪತ್ರ ಎಲ್ಲಿಗೆ ಕಳಿಸಲಿ ಅಂದರೆ ಬೇರೆ ವಿಭಾಗ. ಆ ವಿಭಾಗಕ್ಕೆ ಹಚ್ಚಿದರೆ ಹಾಡು. ಹಾಡು ಕೇಳುತ್ತ ಕೇಳುತ್ತ ಫೋನು ಕಟ್ಟಾಗುತ್ತಿತ್ತು. ಒಂದು ದಿನ ರಜೆ ಹಾಕಿ ಹೊಸಪೇಟೆಯಲ್ಲಿ ಆ ಕಂಪನಿಯ ಹೆಸರಿನ ಬೋರ್ಡು ಇದ್ದ ಆಫೀಸಿಗೇ ಹೋದೆ. ಎಸಿಯಲ್ಲಿ ಕೂತಿದ್ದ ಸಾಹೇಬ, ಇಲ್ಲಿ ಕಾರ್ಡು ಕೊಡುವುದು ಮಾತ್ರ, ಬಾಕಿಯ ವಿಚಾರ ಫೋನಿನಲ್ಲೇ ಅಂದ. ಬರುವಾಗ ನನಗೂ ಒಂದು ಕಾರ್ಡು ಮಾಡಿಸಿಕೊಡಲಾ ಅಂತ ಕೇಳಿದ. ಅವನ ಮುಖಕ್ಕೆ ಉಗಿಯದೆ ಬಂದದ್ದೇ ದೊಡ್ಡದು.

ಶೇಂಗಾ ಹೂ ಬಿಡುವ ಹೊತ್ತಿಗೆ ಅತ್ತೆ ತನ್ನ ಕುರಿಗಳನ್ನು ಮಾರಿದಳು. ಸಂತೆಗೆ ಹೋಗುವ ಮುಂಚೆ ಒಂದೊಂದರ ಹಣೆಗೂ ಭಂಡಾರ ಹಚ್ಚಿದಳು. ವಾಪಸ್ಸು ಬಂದು, ಸೆರಗಿನ ಗಂಟು ಬಿಚ್ಚಿ ನನ್ನ ಮುಂದೆ ಇಟ್ಟು, "ಇನ್ನ ಒಂದ ಸಲಕ್ಕ ಹರಿದು ಹೋಗಲಿ ರೇಣವ್ವ, ಅಮಾಸಿ ಹತ್ರ ಬಂತು" ಅಂದಳು. ದುಡ್ಡು ಇತ್ತು. ಎಷ್ಟು ಕಟ್ಟಬೇಕು ಅನ್ನುವುದೇ ಗೊತ್ತಿರಲಿಲ್ಲ.

ಆಗ ಹಾಲೇಶ ಆ ಕೆಲಸ ಮಾಡಿದ. ಅಣ್ಣತಮ್ಮಂದಿರ ದನಿ ಒಂದೇ ಥರ. ಮದುವೆಯಾದ ಹೊಸತರಲ್ಲಿ ಹಾಲೇಶ ಹೊರಗಿನಿಂದ "ಯವ್ವಾ" ಅಂದರೆ ನಾನು ಗಂಡ ಬಂದರು ಅಂತ ಸೆರಗು ಸರಿ ಮಾಡಿಕೊಂಡು ಪೇಚಿಗೆ ಬಿದ್ದದ್ದುಂಟು. ಭಾನುವಾರ ಮಧ್ಯಾಹ್ನ, ಅತ್ತೆ ಹಿತ್ತಲಲ್ಲಿ ಜೋಳ ಕೇರುತ್ತಿದ್ದಳು. ಫೋನು ಬಂತು. ನಾನು ಎಂದಿನಂತೆ ಬಾಯಿ ತೆರೆಯುವಷ್ಟರಲ್ಲಿ ಹಾಲೇಶ ನನ್ನ ಕೈಯಿಂದ ಅದನ್ನು ಕಿತ್ತುಕೊಂಡ.

"ಹೂಂರಿ, ನಾನೇ ಕೊಟ್ರೇಶ ಮಾತಾಡಾಕತ್ತೀನಿ."

ಬೇಡ ಅಂತ ಕೈ ಮಾಡಿದೆ. ಅವನು ಆ ಕಡೆ ತಿರುಗಿದ. ಅತ್ತಲಿಂದ ಹುಟ್ಟಿದ ತಾರೀಕು ಕೇಳಿದರು, ಹೇಳಿದ. ತಾಯಿಯ ಹೆಸರು ಕೇಳಿದರು.

"ನಮ್ಮವ್ವನ ಹೆಸರು ದುರುಗವ್ವ" ಅಂದ.

ಹಿತ್ತಲಲ್ಲಿ ಮೊರದ ಸದ್ದು ನಿಂತಿತು.

ಎಷ್ಟು ಕಟ್ಟಬೇಕು ಅನ್ನುವುದನ್ನು ಕಂಪನಿ ಆಗ ಎಷ್ಟು ಸಲೀಸಾಗಿ ಹೇಳಿತು ಅಂತೀರಿ! ಪೂರ್ತಿ ಕಟ್ಟಿದರೆ ಬಾಕಿ ಇಲ್ಲ ಅನ್ನುವ ಪತ್ರ ಮನೆಗೇ ಬರುತ್ತದೆ ಸರ್, ಧನ್ಯವಾದ ಸರ್. ಹಾಲೇಶ ಫೋನು ಇಟ್ಟು ತಿರುಗಿದ. ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಕೈಯಲ್ಲಿ ಮೊರ ಹಾಗೇ ಇತ್ತು, ಜೋಳ ಒಂದು ಕಡೆಯಿಂದ ಸುರಿಯುತ್ತಿತ್ತು. ಬೈಯುತ್ತಾಳೆ ಅಂದುಕೊಂಡೆ. ಆಕೆ ಹಾಲೇಶನ ಹತ್ತಿರ ಬಂದು ಅವನ ಗದ್ದ ಹಿಡಿದಳು.

"ಇನ್ನೊಂದ್ಸಲ ಅನ್ನಲೇ" ಅಂದಳು.

"ಏನಬೇ?"

"ಅದೇ. ಈಗ ಅಂದ್ಯಲ್ಲ. ಕೊಟ್ರೇಶ ಮಾತಾಡಾಕತ್ತೀನಿ ಅಂತ."

ಮಗನ ಹೆಣದ ಮುಂದೆ ಅಳದ ಹೆಂಗಸು ಅವತ್ತು ಹಾಲೇಶನ ಅಂಗಿ ಹಿಡಿದು ಬೇಡಿಕೊಂಡಳು. ಹಾಲೇಶನಿಗೆ ಆಗಲಿಲ್ಲ. ಅವನು ಗೋಡೆಗೆ ಆತು ಕುಸಿದು ಕೂತು, ಸಣ್ಣ ಮಗುವಿನ ಹಾಗೆ ಹೋ ಅಂತ ಅತ್ತ. ನಾನು ಯಾರನ್ನು ಹಿಡಿಯಲಿ? ನೆಲದ ಮೇಲೆ ಬಿದ್ದ ಜೋಳ ಆರಿಸುತ್ತ ಕೂತೆ.

ಮರುದಿನವೇ ಪೂರ್ತಿ ಕಟ್ಟಿದೆವು. ಕುರಿ ಮಾರಿದ ದುಡ್ಡೆಲ್ಲ ಒಂದು ಒತ್ತಿಗೆ ಹೋಯಿತು. ಪತ್ರ ಬರುತ್ತದೆ ಅಂತ ಕಾದೆವು. ಪತ್ರ ಬರಲಿಲ್ಲ, ಫೋನು ಬಂತು. ಅದೇ ಕಂಪನಿ, ವಸೂಲಿಯವರು ಬೇರೆಯಂತೆ, ಕಟ್ಟಿದ್ದು ಅವರಿಗೆ ತಿಳಿದಿಲ್ಲವಂತೆ. "ಕೊಟ್ರೇಶ್ ಇದ್ದಾರಾ?" ನನಗೆ ತಲೆ ಕೆಟ್ಟಿತು. ಇನ್ನಾದರೂ ಅವರ ಹೆಸರು ಹಿಡಿದು ಕೇಳುವುದು ನಿಲ್ಲಲಿ ಅಂತ, ಹೇಗೋ ವಿಳಾಸ ಹುಡುಕಿ ಮರಣ ಪ್ರಮಾಣಪತ್ರ ಕಳಿಸಿದೆ. ಇಷ್ಟು ದಿನ ನಾನು ಗೋಗರೆದರೂ ಯಾರೂ ತೆಗೆದುಕೊಳ್ಳದಿದ್ದ ಕಾಗದ, ಈಗ ನೋಡಿ, ತಕ್ಷಣ ಓದಿದರು.

ಹಿರಿಯರ ಅಮಾವಾಸ್ಯೆ ಇನ್ನೇನು ಬಂತು ಅನ್ನುವಾಗ ಆ ಹುಡುಗಿಯ ಫೋನು. ಅದೇ ಸಕ್ಕರೆ ದನಿ. ಅತ್ತೆಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

"ಮೇಡಂ, ನೀವು ಕಳಿಸಿರೋ ಸರ್ಟಿಫಿಕೇಟ್ ಪ್ರಕಾರ ಅವರು ಮಳೆಗಾಲದ ಶುರುವಿನಲ್ಲೇ ಡೆತ್ ಆಗಿದಾರೆ. ಆದರೆ ಆಮೇಲೆ ಅವರೇ ನಮ್ಮ ಜೊತೆ ಮಾತಾಡಿ ವೆರಿಫೈ ಆಗಿದಾರೆ. ನಮ್ಮ ರೆಕಾರ್ಡಲ್ಲಿ ಅವರು ಬದುಕಿದಾರೆ. ಹಾಗಾಗಿ ಪರಿಶೀಲನೆಗೆ ಹೋಗಿದೆ. ಅಲ್ಲೀವರೆಗೂ ಪತ್ರ ಕೊಡೋಕೆ ಆಗಲ್ಲ."

ಹಾಲೇಶ ತಲೆಗೆ ಕೈ ಹೊತ್ತು ಕೂತ. ಅತ್ತೆ ಫೋನಿನ ಹತ್ತಿರ ಬಗ್ಗಿದಳು.

"ಏನಂದೆವ್ವ? ಬದುಕ್ಯಾನ ಅಂದ್ಯಾ?"

"ನಮ್ಮ ರೆಕಾರ್ಡಲ್ಲಿ ಹಾಗಿದೆ ಅಮ್ಮ."

"ಇರಲವ್ವ, ನೀನು ಹಂಗಾದ್ರೂ ಅಂದೆಲ್ಲ. ನಾವು ಕೊಟ್ಟಿದ್ದು ನಿಮಗ ಬಂದೈತಿ, ಹೌದಿಲ್ಲೋ?"

"ಅದನ್ನ ಕಾರ್ಡುದಾರರಿಗೆ ಮಾತ್ರ ಹೇಳಬಹುದು ಅಮ್ಮ."

"ಆತು, ಅವನಿಗೇ ಹೇಳು. ಇಲ್ಲೇ ಫೋಟೋ ಐತಿ, ಅದರ ಮುಂದ ಹಿಡೀತೀನಿ. ಮುಟ್ಟೈತಿ ಅಂತ ಒಂದ ಮಾತು ಅನ್ನು ನನ್ನವ್ವ. ನಿನಗೂ ತಾಯಿ ಇರ್ತಾಳಲ್ಲ. ಒಂದ ಮಾತು."

ಆ ಕಡೆ ಹುಡುಗಿಯ ಉಸಿರು ಮಾತ್ರ. ಅಂತಾಳೆ, ಈಗ ಅಂತಾಳೆ ಅಂತ ನಾನು ಸೆರಗು ಹಿಂಡಿಕೊಂಡು ಕಾದೆ. "ಕಾಲ್ ರೆಕಾರ್ಡ್ ಆಗ್ತಿರುತ್ತೆ ಅಮ್ಮ, ಕ್ಷಮಿಸಿ" ಅಂದಳು. ದನಿಯಲ್ಲಿ ಸಕ್ಕರೆ ಇರಲಿಲ್ಲ. ಫೋನು ಕಟ್ಟಾಯಿತು. ಅತ್ತೆ ಅದನ್ನು ಬಹಳ ಹೊತ್ತು ಫೋಟೋದ ಮುಂದೆ ಹಿಡಿದುಕೊಂಡೇ ಇದ್ದಳು.

ಮುಂದೆ ಚಳಿಗಾಲದಲ್ಲಿ, ಬರೆದು ಬರೆದು ಕೈ ಸೋತ ಮೇಲೆ, ಪತ್ರ ಬಂತು ಅಂತ ಇಲ್ಲೇ ಹೇಳಿಬಿಡುತ್ತೇನೆ. ಅದನ್ನು ಭಂಡಾರದ ತಟ್ಟೆಯಲ್ಲಿಟ್ಟು ಅಷ್ಟಕ್ಕೇ ಅತ್ತೆ ಮನಸ್ಸು ಗಟ್ಟಿ ಮಾಡಿಕೊಂಡಳು. ಮರುವರ್ಷ ನನ್ನ ಗಂಡ ಹಿರಿಯರ ಸಾಲಿಗೆ ಸೇರಿದರು. ಈಗ ಅತ್ತೆಯೂ ಆ ಸಾಲಿನಲ್ಲೇ ಇದ್ದಾಳೆ. ಆದರೆ ನನ್ನನ್ನು ಹಿಡಿದು ಕೂತಿರುವುದು ಆ ವರ್ಷದ ಅಮಾವಾಸ್ಯೆ.

ಅವತ್ತು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟಾಗ ಅತ್ತೆ ಬಾಗಿಲ ತನಕ ಬಂದಳು. "ಕೊಟ್ಟೂರಿಂದ ಒಗ್ಗರಣಿ ಮಿರ್ಚಿ ತಗೊಂಬಾ" ಅಂದಳು. ನನಗೆ ಜೀವ ಬಂದಂತಾಯಿತು. ಎಡೆಯಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಇಡುವುದು ರೂಢಿ. ಸದ್ಯ, ಅತ್ತೆ ಹಟ ಬಿಟ್ಟಳು, ಆ ಒಂದು ಮಾತು ಇಲ್ಲದೆಯೇ ಮಗನಿಗೆ ಎಡೆ ಇಡುತ್ತಾಳೆ ಅಂದುಕೊಂಡೆ. ಪೊಟ್ಟಣವನ್ನು ಬ್ಯಾಗಿನಲ್ಲಿಟ್ಟುಕೊಂಡು ಬರುವಾಗ ದಾರಿಯುದ್ದಕ್ಕೂ ಬಸ್ಸಿನ ತುಂಬ ಅದೇ ವಾಸನೆ. ಹಗರಿಬೊಮ್ಮನಹಳ್ಳಿ ಸ್ಟ್ಯಾಂಡಿಗೆ ಬಂದಾಗ ನನ್ನ ಕಣ್ಣು ತಾನಾಗಿಯೇ ಅವರು ನಿಲ್ಲುತ್ತಿದ್ದ ಕಂಬದ ಕಡೆ ಹೋಯಿತು.

ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಬಂಧುಬಳಗ ಸೇರಿತ್ತು. ಗೋಡೆಯ ಕಡೆ ಹಿರಿಯರ ಎಡೆ, ಮಾವನದ್ದು, ಮಾವನ ಅಪ್ಪ ಅವ್ವಂದು. ಹೋಳಿಗೆ, ಕಡಬು, ಬದನೆಕಾಯಿ ಪಲ್ಯ, ಮಾವನ ಎಲೆಯ ಪಕ್ಕ ಬೀಡಿ ಕಟ್ಟು. ಅಲ್ಲಿ ನನ್ನ ಗಂಡನ ಎಲೆ ಇರಲಿಲ್ಲ. ಎದುರಿಗೆ ನಾವೆಲ್ಲ ಊಟಕ್ಕೆ ಕೂರುವ ಸಾಲು. ಅತ್ತೆ ನನಗೂ ಹಾಲೇಶನಿಗೂ ನಡುವೆ ಒಂದು ಎಲೆ ಹಾಕಿದಳು. ನೀರು ಚಿಮುಕಿಸಿ ಒರೆಸಿದಳು. ತಂಬಿಗೆ ಇಟ್ಟಳು. ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ಬಿಚ್ಚಿ ಆ ಎಲೆಗೆ ಸುರಿದಳು.

ಮಾವನ ಅಣ್ಣ, ದೊಡ್ಡಪ್ಪ, ಎದ್ದೇ ನಿಂತರು. "ಏನಬೇ ದುರುಗವ್ವ ಇದು? ಇದ್ದವರ ಸಾಲಿನಾಗ ಇಡ್ತಾರೇನು?"

"ಕುಂದ್ರು ಭಾವ" ಅಂದಳು ಅತ್ತೆ. "ಮುಟ್ಟೈತಿ ಅಂತ ಅವರು ಅಂದಿಲ್ಲ. ಹಿರೇರ ಸಾಲಿಗೆ ಹಾಕಂಗಿಲ್ಲ, ನನಗ ಗೊತ್ತೈತಿ. ಹಂಗಂತ ಬಾಗಲಾಗ ನಿಲ್ಲಸಾಕ ನನ್ನ ಕೈಲಿ ಆಗಂಗಿಲ್ಲ. ಬದುಕ್ಯಾನ ಅಂತ ಬರಕೊಂಡಾರಂತ. ಅವರು ಅದನ್ನ ಹೊಡದು ಹಾಕೋಮಟ ನನ್ನ ಮಗ ಇಲ್ಲೇ ಕುಂತು ಉಣ್ಣಲಿ."

ದೊಡ್ಡಪ್ಪ ತಮ್ಮ ಎಲೆಯ ಮುಂದೆ ಕೂತರು. ಅತ್ತೆ ನನ್ನ ಮುಂದೆ ಹೋಳಿಗೆಯ ಬುಟ್ಟಿ ಇಟ್ಟು, ತಗ್ಗಿದ ದನಿಯಲ್ಲಿ "ನಿನ್ನ ಗಂಡಗ ನೀಡವ್ವ" ಅಂದಳು. ನೀಡಿದೆ. ತುಪ್ಪ ಹಾಕಿದೆ. ಅವರಿಗೆ ತುಪ್ಪ ಜಾಸ್ತಿ ಬೇಕು, ಇನ್ನೊಂದು ಚಮಚ ಹಾಕಿದೆ. ನನ್ನ ಎಲೆಯ ಮುಂದೆ ಕೂತು, ಪಕ್ಕದ ಎಲೆಯಿಂದ ಬರುತ್ತಿದ್ದ ಆ ಒಗ್ಗರಣೆಯ ವಾಸನೆಯಲ್ಲಿ ತುತ್ತು ಎತ್ತಿದೆ.

ಅಷ್ಟರಲ್ಲಿ ಬ್ಯಾಗಿನಲ್ಲಿ ಅವರ ಫೋನು ಹೊಡೆದುಕೊಂಡಿತು. ಹಾಲೇಶ ಎತ್ತಬೇಡ ಅಂತ ತಲೆ ಅಲ್ಲಾಡಿಸಿದ. ನಾನು ಎಡಗೈಯಿಂದ ತೆಗೆದು ಕಿವಿಗೆ ಹಿಡಿದೆ. ಹೊಸ ದನಿ, ಯಾವುದೋ ಹುಡುಗ.

"ಕೊಟ್ರೇಶ್ ಅವರು ಇದ್ದಾರಾ ಮೇಡಂ?"

ಅತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮಳೆಗಾಲಪೂರ್ತಿ ಹೇಳಿದ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾನು ಪಕ್ಕದ ಎಲೆಯ ಕಡೆ ನೋಡಿದೆ.

"ಅದಾರ್ರಿ" ಅಂದೆ. "ಊಟಕ್ಕ ಕುಂತಾರ. ಆಮ್ಯಾಲ ಮಾಡ್ರಿ."